ಕಡಲಿಗೆ ಬಿಡುವು, ಕೂಲಿಯವನಿಗೆ ಉಪವಾಸವೇ?

(ಅಂತಿಮ ಬಿ.ಎ. ವಿದ್ಯಾರ್ಥಿನಿ, ಮೋರಖಂಡಿ)

ನಮ್ಮೂರು ಮೋರಖಂಡಿ. ಬಸವಕಲ್ಯಾಣ ತಾಲ್ಲೂಕಿನ ಈ ಊರಿನಿಂದ ಹತ್ತಿರದ ಸಮುದ್ರತೀರಕ್ಕೂ ಸುಮಾರು 400 ಕಿಲೋಮೀಟರು ದೂರ. ನಾನು ಇಂದಿನವರೆಗೆ ಸಮುದ್ರವನ್ನು ಕಂಡವಳಲ್ಲ. ಇಂಥವಳು ಕಡಲ ಮೀನುಗಾರಿಕೆಯ ವಿಚಾರವಾಗಿ ಬರೆಯಹೊರಟರೆ ವಾಚಕರು ನಗಬಹುದು. ಆದರೆ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ನಾನು ಕಟ್ಟಿದ ಶುಲ್ಕ, ಕೊಂಡ ಪುಸ್ತಕ ಎಲ್ಲವೂ ಮೀನಿನ ದುಡ್ಡಿನವು. ನನ್ನ ಅಣ್ಣ ಹತ್ತನೆಯ ತರಗತಿಗೇ ಓದು ಬಿಟ್ಟು, ಮಲ್ಪೆಗೆ ಹೋಗಿ ಯಾಂತ್ರಿಕ ದೋಣಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಉಪ್ಪುನೀರಿನ ಋಣ ನನ್ನ ಮೇಲಿದೆ. ಅದಕ್ಕಾಗಿ ಈ ನಾಲ್ಕು ಮಾತು.

ನಮ್ಮ ರಾಜ್ಯದ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ನಿಷೇಧವಿದೆ. ಮಳೆಗಾಲದ ಕಡಲು ಅಪಾಯಕರ. ಜೊತೆಗೆ ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲವೂ ಅದೇ. ಆ ದಿನಗಳಲ್ಲಿ ಅಣ್ಣ ಊರಿಗೆ ಬರುತ್ತಾನೆ. ತೊಗರಿ, ಉದ್ದು ಬಿತ್ತುವ ಹೊತ್ತಿಗೆ ಕೈಗೆ ಆಳು ಸಿಕ್ಕಿತೆಂದು ಅಪ್ಪನಿಗೆ ಸಂತೋಷ. ಆದರೆ ಅಣ್ಣನ ಮುಖದಲ್ಲಿ ಆ ಸಂತೋಷ ಕಾಣುವುದಿಲ್ಲ. ಕಳೆದ ವರ್ಷ ಅವನು ಅಂದ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ: “ಸಮುದ್ರಕ್ಕ ರಜಾ ಅದ ತಂಗಿ, ನಮ್ಮ ಹೊಟ್ಟಿಗಿ ರಜಾ ಇಲ್ಲ.”

ಹಾಗಾದರೆ ಈ ನಿಷೇಧ ತಪ್ಪೇ? ಖಂಡಿತ ಅಲ್ಲ. ಒಕ್ಕಲಿಗನ ಮಗಳಾದ ನನಗೆ ಇದು ಪುಸ್ತಕವಿಲ್ಲದೆಯೇ ತಿಳಿಯುತ್ತದೆ. ಎಂಥ ಬರಗಾಲ ಬಂದರೂ ನಮ್ಮಲ್ಲಿ ಬಿತ್ತನೆಯ ಬೀಜವನ್ನು ಕುಟ್ಟಿ ತಿನ್ನುವುದಿಲ್ಲ. ಮರಿಮೀನೆಂದರೆ ಕಡಲಿನ ಬಿತ್ತನೆಯ ಬೀಜ. ಸಣ್ಣ ಕಣ್ಣಿನ ಬಲೆಯಲ್ಲಿ ದೊಡ್ಡ ಮೀನಿನೊಡನೆ ಮರಿಯೂ ಬರುತ್ತದೆ. ಊಟಕ್ಕೆ ಬಾರದ ಆ ಮರಿ ಕಾರ್ಖಾನೆಗೆ ಹೋಗಿ ಮೀನಿನ ಹಿಟ್ಟಾಗುತ್ತದೆ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ನಿನಷ್ಟು ಸಿಕ್ಕಿದ್ದ ಬೂತಾಯಿ ಮೀನು 2021ರಲ್ಲಿ 3,500 ಟನ್ನಿಗೂ ಕಡಿಮೆಯಾಯಿತು. ಇದಕ್ಕೆ ಮನುಷ್ಯನ ಬಲೆಯೊಂದೇ ಕಾರಣವಲ್ಲ, ಕಡಲಿನ ಹವೆಯ ಏರುಪೇರೂ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ನಿಜ, ಆದರೆ ಹವೆ ನಮ್ಮ ಕೈಯಲ್ಲಿಲ್ಲ, ಬಲೆ ನಮ್ಮ ಕೈಯಲ್ಲಿದೆ.

ಕಾನೂನುಗಳೂ ಇಲ್ಲದಿಲ್ಲ. ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ 1986ರದು. ರಾತ್ರಿ ಪ್ರಖರ ದೀಪ ಹಚ್ಚಿ ಮೀನನ್ನು ಸೆಳೆಯುವುದನ್ನೂ, ಎರಡು ದೋಣಿಗಳು ಜೋಡಿಯಾಗಿ ಒಂದೇ ಬಲೆ ಎಳೆಯುವುದನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೂ ನಾಡದೋಣಿಯವರ ದೂರು ನಿಂತಿಲ್ಲ. ಏಕೆ? ಅಣ್ಣನ ಸಂಬಳದ ಲೆಕ್ಕ ಕೇಳಿದಾಗ ನನಗೆ ಕಾರಣ ಹೊಳೆಯಿತು. ಅವನಿಗೆ ದೊರೆಯುವುದು ಹಿಡಿದ ಮೀನಿನ ಬೆಲೆಯಲ್ಲಿ ಖರ್ಚು ಕಳೆದು ಉಳಿದದ್ದರ ಒಂದು ಪಾಲು. ಮರಿಯನ್ನು ಕಡಲಿಗೆ ಬಿಟ್ಟರೆ ಅವನ ಪಾಲು ಕಡಿಮೆಯಾಗುತ್ತದೆ. ಬಿಟ್ಟ ಮರಿ ಬೆಳೆದರೆ ಸಿಕ್ಕುವುದು ಯಾರ ಬಲೆಗೋ! ಸಂಯಮ ಒಬ್ಬನದು, ಫಲ ಇನ್ನೊಬ್ಬನದು ಎಂದಾದರೆ ಸಂಯಮ ಎಷ್ಟು ದಿನ ಉಳಿದೀತು?

ಈ ಪ್ರಶ್ನೆಗೆ ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರಗಳು ಒಂದು ಉತ್ತರ ಕಂಡುಕೊಂಡಿವೆ. ಅವುಗಳ ನೆಲ ಅಂಗೈಯಗಲ, ಕಡಲು ಮಾತ್ರ ಅಪಾರ. ಅಲ್ಲಿನ ಟ್ಯೂನಾ ಮೀನನ್ನು ದೂರದೇಶದ ಹಡಗುಗಳು ಅಲ್ಪ ಶುಲ್ಕ ಕೊಟ್ಟು ಒಯ್ಯುತ್ತಿದ್ದವು. ಕಿರಿಬಾಟಿ, ನೌರು, ಪಲಾವು, ಪಪುವಾ ನ್ಯೂಗಿನಿ ಮೊದಲಾದ ದೇಶಗಳು 1982ರಲ್ಲಿ ಒಪ್ಪಂದ ಮಾಡಿಕೊಂಡು ಒಗ್ಗಟ್ಟಾದವು. 2007ರಿಂದ, ವರ್ಷಕ್ಕೆ ಇಷ್ಟೇ ಹಡಗು-ದಿನಗಳೆಂದು ಮಿತಿ ಕಟ್ಟಿ, ಆ ದಿನಗಳನ್ನು ಮಾರತೊಡಗಿದವು. ಮುಂದೆ ಒಂದು ದಿನದ ಕನಿಷ್ಠ ಬೆಲೆ 8,000 ಡಾಲರಿಗೇರಿತು. 2010ರ ಸುಮಾರಿಗೆ 6 ಕೋಟಿ ಡಾಲರಿನಷ್ಟಿದ್ದ ಒಟ್ಟು ಆದಾಯ ಒಂದೇ ದಶಕದೊಳಗೆ 50 ಕೋಟಿಯ ಹತ್ತಿರಕ್ಕೆ ಬಂದಿತು. ಮಿತಿ ಹಾಕಿದವರ ಬೊಕ್ಕಸಕ್ಕೇ ಮಿತಿಯ ಲಾಭ ಸೇರಿತು. ಪಲಾವುವಿನಲ್ಲಂತೂ ಹಿರಿಯರು ಸೇರಿ ಒಂದು ಜಾಗದಲ್ಲಿ ಕೆಲಕಾಲ ಮೀನು ಹಿಡಿಯಬಾರದೆಂದು ಕಟ್ಟು ಹಾಕುವ ಪದ್ಧತಿ ಹಿಂದಿನಿಂದಲೂ ಇದೆ. ಅದಕ್ಕೆ ‘ಬುಲ್’ ಎಂದು ಹೆಸರು. ಜನರು ತಾವೇ ಹಾಕಿಕೊಂಡ ಕಟ್ಟು ಅದು.

ಅಷ್ಟು ದೂರವೇಕೆ? ನಮ್ಮ ಕರಾವಳಿಯಲ್ಲಿಯೇ ಹಿಂದೆ ರಂಪಣಿ ಎಂಬ ದೊಡ್ಡ ಬಲೆಯಿತ್ತು. ಹತ್ತಾರು ಜನ ದಡದಲ್ಲಿ ನಿಂತು ಅದನ್ನೆಳೆದು, ಬಂದ ಮೀನನ್ನು ಪಾಲು ಹಂಚಿಕೊಳ್ಳುತ್ತಿದ್ದರು. 1970ರ ದಶಕದ ನಡುವೆ ಪರ್ಸೀನ್ ಬಲೆಯ ದೋಣಿಗಳು ಬಂದಮೇಲೆ ರಂಪಣಿ ಹಿಂದೆ ಸರಿಯಿತು. ಮೀನು ದಡಕ್ಕೆ ಬರುವ ಮೊದಲೇ ದೋಣಿಯವರ ಪಾಲಾಯಿತು. ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ನನ್ನ ಶುಲ್ಕವೂ ಯಂತ್ರದ ದೋಣಿಯಿಂದಲೇ ಬಂದದ್ದು. ಪಾಲು ಹಂಚುವ ನೀತಿ ಯಂತ್ರದೊಡನೆ ಸಾಗಿಬರಲಿಲ್ಲವೆಂಬುದಷ್ಟೇ ನನ್ನ ಅಳಲು.

ನಿಷೇಧದ ತಿಂಗಳುಗಳ ವಿಷಯವೂ ಹೀಗೆಯೇ. 2020ರಲ್ಲಿ ಆರಂಭವಾದ ಕೇಂದ್ರದ ಮತ್ಸ್ಯ ಯೋಜನೆಯಲ್ಲಿ, ಬಡ ಮೀನುಗಾರನು 1,500 ರೂಪಾಯಿ ಉಳಿಸಿದರೆ ಸರ್ಕಾರ 3,000 ಸೇರಿಸಿ ಕೊಡುವ ಏರ್ಪಾಡು ಮಾಡಲಾಯಿತು. ಅದು ಸಾಂಪ್ರದಾಯಿಕ ಮೀನುಗಾರ ಕುಟುಂಬಗಳಿಗಾಗಿ. ಅವರಿಗೆ ಸಲ್ಲುವುದು ನ್ಯಾಯವೇ. ಆದರೆ ಬಯಲುಸೀಮೆಯಿಂದ ಹೋಗಿ ಬಲೆ ಎಳೆಯುವ ನನ್ನ ಅಣ್ಣನಂಥವನು ಆ ಲೆಕ್ಕಕ್ಕೆ ಬರುವುದಿಲ್ಲ. ಕಡಲಿನ ದೃಷ್ಟಿಯಲ್ಲಿ ಅವನು ಮೀನುಗಾರ, ಕಾಗದದ ದೃಷ್ಟಿಯಲ್ಲಿ ಯಾರೂ ಅಲ್ಲ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಕಡಲಿಗೆ 61 ದಿನದ ಬಿಡುವು ಇರಲೇಬೇಕು. ಆದರೆ ದೋಣಿಯೇರುವ ಪ್ರತಿಯೊಬ್ಬ ಕೂಲಿಕಾರನ ಹೆಸರೂ ಬಂದರಿನಲ್ಲಿ ದಾಖಲಾಗಲಿ. ಬಿಡುವಿನ ದಿನಗಳಿಗೆ ದೋಣಿಯ ಒಡೆಯರೂ ಸರ್ಕಾರವೂ ಕೂಡಿ ಅವನಿಗೊಂದು ಜೀವನಾಂಶ ಕೊಡಲಿ. ಬಲೆಯ ಕಣ್ಣು ಎಷ್ಟಿರಬೇಕೆಂದು ನಿರ್ಣಯಿಸುವ ಸಭೆಯಲ್ಲಿ ಬಲೆ ಎಳೆಯುವವನಿಗೂ ಒಂದು ಜಾಗವಿರಲಿ. ಆಗ ಕಾನೂನು ಅವನದಾಗುತ್ತದೆ. ತನ್ನದಾದ ಕಾನೂನನ್ನು ಕಾಯಲು ಯಾರ ಕಾವಲೂ ಬೇಕಾಗುವುದಿಲ್ಲ. ದೋಣಿ ನಡೆಸುವ ಅಂಬಿಗರ ಚೌಡಯ್ಯನವರನ್ನು ಶರಣರ ಸಾಲಿನಲ್ಲಿ ಕೂರಿಸಿದ ಕಲ್ಯಾಣದ ನೆಲದವರು ನಾವು. ಕಾಯಕದೊಡನೆ ದಾಸೋಹವನ್ನೂ, ಎಂದರೆ ದುಡಿಮೆಯೊಡನೆ ಹಂಚಿಕೆಯನ್ನೂ, ಹೇಳಿದ ಊರಿದು. ಈ ಮಾತು ನಮಗೆ ಹೊಸದಾಗಬಾರದು.

ಬರುವ ಜೂನಿನಲ್ಲಿ ಅಣ್ಣ ಊರಿಗೆ ಬಂದಾಗ ಈ ಸಂಚಿಕೆಯನ್ನು ಅವನ ಕೈಗೆ ಕೊಡುವೆನು. ತಪ್ಪಿದ್ದರೆ ಅವನೇ ತಿದ್ದಲಿ. ಕಡಲನ್ನು ಕಂಡವನು ಅವನು, ನಾನಲ್ಲ.