ಸೇನಾಧಿಕಾರಿಯ ಪದವಿಯೂ ನಮ್ಮ ತರುಣರ ಮಾತೂ

ನಮ್ಮ ಮೈಸೂರು ನಗರದಲ್ಲಿ ಭಾರತೀಯ ವಾಯುಸೇನೆಗೆ ಅಧಿಕಾರಿಗಳನ್ನು ಆರಿಸುವ ಮಂಡಲಿಯೊಂದುಂಟು. ಇಂತಹವು ದೇಶದಲ್ಲಿ ಡೆಹರಾಡೂನ್, ವಾರಾಣಸಿ, ಗಾಂಧಿನಗರ ಮೊದಲಾದ ಕೆಲವೇ ಊರುಗಳಲ್ಲಿವೆ. ಭೂಸೇನೆಯ ದಕ್ಷಿಣ ಆಯ್ಕೆ ಕೇಂದ್ರವಾದರೋ ಬೆಂಗಳೂರಿನಲ್ಲಿಯೇ ಇದೆ. ದೂರದ ಪ್ರಾಂತಗಳ ತರುಣ ತರುಣಿಯರು ಎರಡು ಮೂರು ದಿನ ರೈಲಿನಲ್ಲಿ ಪಯಣಿಸಿ ಈ ಬಾಗಿಲುಗಳನ್ನು ತಟ್ಟುತ್ತಾರೆ. ಬಾಗಿಲ ಬಳಿಯಲ್ಲೇ ಇರುವ ನಮ್ಮ ಮಕ್ಕಳಲ್ಲಿ ಅನೇಕರು, ಬರೆಹದ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದವರು ಕೂಡ, ಮಾತಿನ ಪರೀಕ್ಷೆಯೆಂದೊಡನೆ ಎದೆಗುಂದುವುದನ್ನು ಕಂಡು ನಾವು ಖೇದಪಡುತ್ತೇವೆ.

ಮಾತಿನ ಪರೀಕ್ಷೆ ಅಲ್ಪವಾದುದಲ್ಲ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶಕ್ಕೆ ಬರೆಹಕ್ಕೆ ೯೦೦ ಅಂಕಗಳಾದರೆ ಆಯ್ಕೆ ಮಂಡಲಿಯ ಪರೀಕ್ಷೆಗೂ ೯೦೦ ಅಂಕಗಳು. ಅದು ಸುಮಾರು ಐದು ದಿನ ನಡೆಯುವುದು. ಮೊದಲ ದಿನ ಅಸ್ಪಷ್ಟವಾದ ಚಿತ್ರವೊಂದನ್ನು ೩೦ ಸೆಕೆಂಡು ತೋರಿಸಿ, ೪ ನಿಮಿಷಗಳಲ್ಲಿ ಕಥೆ ಬರೆಯಿಸಿ, ಅದನ್ನು ಒಂದು ನಿಮಿಷದಲ್ಲಿ ಹೇಳಿಸುತ್ತಾರೆ. ಬಳಿಕ ಗುಂಪಿನವರೆಲ್ಲರೂ ಚರ್ಚಿಸಿ ಒಂದೇ ಕಥೆಗೆ ಒಪ್ಪಬೇಕು. ಇಲ್ಲಿ ಸೋತವರು ಅಂದೇ ಊರಿಗೆ ಹಿಂದಿರುಗುತ್ತಾರೆ. ಉಳಿದವರಿಗೆ ಮನೋಪರೀಕ್ಷೆ, ಗುಂಪುಚರ್ಚೆ, ೩ ನಿಮಿಷ ಆಲೋಚಿಸಿ ೩ ನಿಮಿಷ ಮಾಡತಕ್ಕ ಕಿರುಭಾಷಣ, ಬಯಲಿನ ಕಾರ್ಯಗಳು, ಅಧಿಕಾರಿಯೊಡನೆ ಮುಖಾಮುಖಿ ಸಂದರ್ಶನ.

ಇಲ್ಲಿ ಗೆಲ್ಲುವ ಮಾತು ಎಂತಹುದು? ಗಟ್ಟಿಯಾಗಿ ಕೂಗುವವನು ಗೆಲ್ಲುತ್ತಾನೆಂಬ ಭ್ರಾಂತಿ ಬಲವಾಗಿ ಹಬ್ಬಿದೆ. ಒಲೆಯ ಮುಂದಿನ ಉತ್ತರನ ಪೌರುಷ ಗೋಗ್ರಹಣದ ರಣದಲ್ಲಿ ಏನಾಯಿತೆಂಬುದು ನಮ್ಮ ವಾಚಕರಿಗೆ ತಿಳಿಯದುದಲ್ಲ. ಇದಕ್ಕೆ ಪ್ರತಿಯಾಗಿ ಕಿಷ್ಕಿಂಧೆಯ ಪ್ರಸಂಗವನ್ನು ನೆನೆಯೋಣ. ಹನುಮಂತನನ್ನು ಮೊದಲ ಸಲ ಕಂಡ ಶ್ರೀರಾಮನು ಅವನ ಬಲವನ್ನಲ್ಲ, ಮಾತನ್ನು ಮೆಚ್ಚಿದನು. ಬೆಳೆಸಿ ಹೇಳಲಿಲ್ಲ, ಸಂದೇಹಕ್ಕೆ ಎಡೆಗೊಡಲಿಲ್ಲ, ತಡವರಿಸಲಿಲ್ಲ, ಅವಸರಪಡಲೂ ಇಲ್ಲ ಎಂಬುದೇ ಆ ಮೆಚ್ಚುಗೆಯ ಸಾರ. ಆತ್ಮವಿಶ್ವಾಸದ ಮಾತಿಗೆ ಇದಕ್ಕಿಂತ ಉತ್ತಮವಾದ ಲಕ್ಷಣವನ್ನು ನಾವರಿಯೆವು.

ಗುಂಪುಚರ್ಚೆಯಲ್ಲಿ ಅಧ್ಯಕ್ಷನಿಲ್ಲ, ಜಯಾಪಜಯಗಳ ತೀರ್ಪೂ ಇಲ್ಲ. ಅಧಿಕಾರಿ ಪಕ್ಕದಲ್ಲಿ ಕುಳಿತು ನೋಡುತ್ತಿರುತ್ತಾನೆ. ಯಾರು ಕಾರಣಸಹಿತವಾಗಿ ನುಡಿದರು, ಯಾರು ಇತರರ ಮಾತನ್ನು ಕೇಳಿದರು, ಸುಮ್ಮನಿದ್ದವನಿಗೆ ಯಾರು ಎಡೆಮಾಡಿಕೊಟ್ಟರು, ತಕ್ಕ ಕಾರಣ ಕಂಡಾಗ ಯಾರು ತಮ್ಮ ಹಟವನ್ನು ಬಿಟ್ಟರು ಎಂಬುದು ಅಲ್ಲಿ ಬಯಲಾಗುತ್ತದೆ. ಮುಂದೊಂದು ದಿನ ಕತ್ತಲಲ್ಲಿ, ಗುಂಡಿನ ಸದ್ದಿನ ನಡುವೆ, ಮೂವತ್ತು ಮಂದಿ ಯೋಧರು ಈತನ ಎರಡು ವಾಕ್ಯಗಳನ್ನು ನಂಬಿ ಹೆಜ್ಜೆಯಿಡಬೇಕಾಗಿದೆ. ಕೂಗಾಡುವವನೂ ಮೂಕನಾಗುವವನೂ ಅಲ್ಲಿ ಸಮಾನವಾಗಿಯೇ ಅಪಾಯಕಾರಿಗಳು.

ಆದಕಾರಣ, ಕಂಠಪಾಠ ಮಾಡಿಸಿದ ಉತ್ತರಗಳಿಂದ ಈ ಗುಣ ಬರುವುದೆಂದು ನಂಬತಕ್ಕದ್ದಲ್ಲ. ಸಂದರ್ಶಕನು ಮನೆ, ಶಾಲೆ, ಗೆಳೆಯರು, ಆಟಪಾಟಗಳನ್ನು ಕುರಿತು ಒಂದರ ಬೆನ್ನಿಗೆ ಒಂದರಂತೆ ಪ್ರಶ್ನೆಗಳನ್ನು ಹಾಕುವಾಗ ಬಾಯಿಪಾಠ ಬೇಗನೆ ಬರಿದಾಗುತ್ತದೆ. ಬದುಕಿದಂತೆ ಹೇಳುವವನಿಗೆ ಮರೆಯುವ ಭಯವಿಲ್ಲ. ತಿಳಿಯದುದನ್ನು ತಿಳಿಯದೆಂದು ಒಪ್ಪುವುದು ಅವಮಾನವಲ್ಲ; ಅದೂ ಧೈರ್ಯವೇ.

ತಪ್ಪನ್ನು ತರುಣರ ಮೇಲೆಯೇ ಹೊರಿಸಿ ನಾವು ಕೈತೊಳೆದುಕೊಳ್ಳಲಾಗದು. ದೊಡ್ಡವರ ಮುಂದೆ ಬಾಯಿ ಮುಚ್ಚಿಕೊಂಡಿರು ಎಂದು ಮನೆಯಲ್ಲಿ ಗದರಿಸಿ, ಕೊಟ್ಟ ಉತ್ತರವನ್ನೇ ಬರೆ ಎಂದು ಶಾಲೆಯಲ್ಲಿ ಕಟ್ಟುಮಾಡಿ, ಹದಿನೇಳು ವರ್ಷ ತುಂಬಿದೊಡನೆ ನಿನ್ನ ಅಭಿಪ್ರಾಯವೇನು ಹೇಳು ಎಂದರೆ ಹುಡುಗನು ಎಲ್ಲಿಂದ ತಂದಾನು? ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸವೆಂಬುದು ಇದಕ್ಕೇ ಒಪ್ಪುವ ಮಾತು.

ಇಂಗ್ಲಿಷಿನ ಅಂಜಿಕೆಯ ವಿಷಯವಾಗಿ ಎರಡು ಮಾತು. ಉಚ್ಚಾರಣೆಯ ಬೆಡಗು ಇಲ್ಲಿ ಬೇಕಾಗಿಲ್ಲ. ಚಿಕ್ಕ ಚಿಕ್ಕ ಸರಳ ವಾಕ್ಯಗಳು ಸಾಕು. ಕನ್ನಡದಲ್ಲಿ ಸ್ಪಷ್ಟವಾಗಿ ಯೋಚಿಸಿ ನುಡಿಯಬಲ್ಲವನು ಎರಡನೆಯ ಭಾಷೆಯಲ್ಲಿ ಅದನ್ನು ಸಾಧಿಸುವುದು ಅಭ್ಯಾಸದ ಮಾತು. ಆದರೆ ಸರ್ಕಾರದವರೂ ಒಂದು ಅನ್ಯಾಯವನ್ನು ಗಮನಿಸಬೇಕು. ಅಕಾಡೆಮಿಯ ಬರೆಹದ ಪರೀಕ್ಷೆಯ ಗಣಿತ ಮತ್ತು ಸಾಮಾನ್ಯ ಜ್ಞಾನದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ದೊರೆಯುತ್ತವೆ. ಹಿಂದಿಯ ಮನೆಯ ಹುಡುಗನಿಗೆ ತಾಯಿನುಡಿಯ ಆಸರೆಯುಂಟು. ಮಂಡ್ಯದ ರೈತನ ಮಗನಿಗೆ ಇಲ್ಲ. ಗೃಹಖಾತೆಯವರು ತಮ್ಮ ಸಶಸ್ತ್ರ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನು ೨೦೨೪ರಲ್ಲಿ ಕನ್ನಡವೂ ಸೇರಿದಂತೆ ೧೩ ಪ್ರಾದೇಶಿಕ ಭಾಷೆಗಳಲ್ಲಿ ನಡೆಸಿದರು. ಬಂದೂಕು ಹೊರುವವನಿಗೆ ಸಲ್ಲುವ ಕನ್ನಡ ಆಜ್ಞೆ ಕೊಡುವವನಿಗೆ ಏಕೆ ಸಲ್ಲದು? ಸೈನ್ಯಕ್ಕೆ ಒಂದು ಸಾಮಾನ್ಯ ಭಾಷೆ ಬೇಕೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಭಾಷೆಯನ್ನು ಅಕಾಡೆಮಿಯ ಮೂರು ವರ್ಷಗಳಲ್ಲಿ ಕಲಿಸಬಹುದು. ಶೀಲವನ್ನೂ ವಿವೇಕವನ್ನೂ ಅಷ್ಟು ಸುಲಭವಾಗಿ ಕಲಿಸಲಾಗದು. ಕಲಿಸಲಾಗದುದನ್ನು ಮೊದಲು ಅಳೆಯುವುದೇ ನ್ಯಾಯ.

ಧೈರ್ಯ ಈ ನಾಡಿಗೆ ಹೊಸತಲ್ಲ. ೧೯೪೯ರ ಜನವರಿ ೧೫ರಂದು ಬ್ರಿಟಿಷರಿಂದ ಭೂಸೇನೆಯ ಮಹಾದಂಡನಾಯಕತ್ವವನ್ನು ವಹಿಸಿಕೊಂಡ ಕಾರ್ಯಪ್ಪನವರೂ, ೧೯೫೭ರಿಂದ ೧೯೬೧ರ ವರೆಗೆ ಸೇನೆಯನ್ನು ನಡೆಸಿದ ತಿಮ್ಮಯ್ಯನವರೂ, ೧೯೬೫ರ ಯುದ್ಧದಲ್ಲಿ ಸರ್ಗೋಧಾದ ಮೇಲಣ ದಾಳಿಯಲ್ಲಿ ಪ್ರಾಣವಿತ್ತ ವಾಯುಸೇನೆಯ ಅಜ್ಜಮಾಡ ದೇವಯ್ಯನವರೂ ನಮ್ಮ ನೆರೆಯ ಕೊಡಗಿನವರೇ. ೨೦೨೨ರಿಂದ ಅಕಾಡೆಮಿಯ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿದೆ. ಬೇಕಾದುದು ದಾರಿಗೆ ಒಯ್ಯುವ ಕೈ.

ನಮ್ಮ ಸೂಚನೆ ಸರಳವಾದುದು. ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ವಾರಕ್ಕೊಂದು ತಾಸು ಎಂಟೆಂಟು ಮಕ್ಕಳನ್ನು ಸುತ್ತ ಕೂರಿಸಿ, ಕೆರೆಗಳ ಸ್ಥಿತಿ, ಕಾವೇರಿಯ ನೀರು, ನಗರದ ಕಸ ಮುಂತಾದ ವಿಷಯಗಳನ್ನು ಮೊದಲು ಕನ್ನಡದಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಚರ್ಚಿಸಲು ಬಿಡಲಿ. ಬಹುಮಾನ ಬೇಡ. ಹಿಂದಿನವನು ಏನೆಂದನೆಂಬುದನ್ನು ಹೇಳಿಯೇ ತನ್ನ ಮಾತನ್ನು ಆರಂಭಿಸಬೇಕೆಂಬ ಒಂದೇ ನಿಯಮವಿರಲಿ. ನಮ್ಮ ಊರಿನಲ್ಲಿ ನೆಲೆಸಿರುವ ನಿವೃತ್ತ ಸೇನಾಧಿಕಾರಿಗಳು ತಿಂಗಳಿಗೊಮ್ಮೆ ಬಂದು ಕುಳಿತರೆ ಅದೊಂದು ದೊಡ್ಡ ಉಪಕಾರ.

ಇದಕ್ಕೆ ಸರ್ಕಾರದ ಆಜ್ಞೆ ಬರುವವರೆಗೆ ಕಾಯಬೇಕಾಗಿಲ್ಲ. ಈ ಪತ್ರಿಕೆಯನ್ನು ಓದುವ ತಂದೆಯರು ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಗನನ್ನೋ ಮಗಳನ್ನೋ ಒಂದು ವಿಷಯ ಕೇಳಲಿ. ಉತ್ತರ ಮುಗಿಯುವವರೆಗೂ ನಡುವೆ ಬಾಯಿ ಹಾಕದಿರಲಿ. ಸೇನಾಧಿಕಾರಿಯ ಮೊದಲ ಪಾಠಶಾಲೆ ಅದೇ.