ಮನವಿಪತ್ರದ ನಾಯಕತ್ವ ಇನ್ನೆಷ್ಟು ದಿನ?

ಸಮುದಾಯಕ್ಕೆ ಸಂಕಟ ಎದುರಾದಾಗಲೆಲ್ಲ ನಮ್ಮಲ್ಲಿ ನಡೆಯುವುದು ಒಂದೇ ಕ್ರಮ. ತುರ್ತು ಸಭೆ, ಆವೇಶದ ಭಾಷಣ, ಜಿಲ್ಲಾಧಿಕಾರಿಗೆ ಮನವಿ, ಮರುದಿನ ಪತ್ರಿಕೆಯಲ್ಲೊಂದು ಭಾವಚಿತ್ರ. ಆ ಮನವಿಯ ಗತಿ ಏನಾಯಿತೆಂದು ತಿಂಗಳ ಬಳಿಕ ವಿಚಾರಿಸುವವರಿಲ್ಲ. ಇದನ್ನು ನಾಯಕತ್ವವೆಂದು ಕರೆಯುವುದು ಆತ್ಮವಂಚನೆ.

ಪ್ರವರ್ಗ 2ಬಿ ಅಡಿಯ ಶೇ. 4ರ ಮೀಸಲಾತಿಯನ್ನೇ ನೋಡಿ. ಅದು ಯಾರದೋ ಔದಾರ್ಯದ ದಾನವಲ್ಲ. 1990ರ ಚಿನ್ನಪ್ಪ ರೆಡ್ಡಿ ಆಯೋಗದ ವರದಿ ಅದಕ್ಕೆ ಆಧಾರವಾಗಿತ್ತು. 2023ರ ಮಾರ್ಚ್‌ನಲ್ಲಿ ಬೊಮ್ಮಾಯಿ ಸರಕಾರ ಅದನ್ನು ಕಿತ್ತು ಒಕ್ಕಲಿಗ ಮತ್ತು ಲಿಂಗಾಯತರಿಗೆ ತಲಾ ಶೇ. 2ರಂತೆ ಹಂಚಿತು. ಮರು ತಿಂಗಳೇ ಸುಪ್ರೀಂ ಕೋರ್ಟಿನ ಮುಂದೆ, ಹೊಸ ಆದೇಶವನ್ನು ಸದ್ಯಕ್ಕೆ ಜಾರಿಗೊಳಿಸುವುದಿಲ್ಲವೆಂದು ಅದೇ ಸರಕಾರ ಭರವಸೆ ನೀಡಬೇಕಾಯಿತು. ಅಲ್ಲಿ ನೆರವಿಗೆ ಬಂದದ್ದು ವರದಿ, ಕಡತ, ಕಾನೂನಿನ ಜ್ಞಾನ. ಅವುಗಳನ್ನು ಓದಬಲ್ಲ ಎಷ್ಟು ಮಂದಿಯನ್ನು ನಮ್ಮ ಜಮಾಅತ್‌ಗಳು ಬೆಳೆಸಿವೆ?

2011ರ ಜನಗಣತಿಯಂತೆ ರಾಜ್ಯದಲ್ಲಿ ಮುಸ್ಲಿಮರು ಶೇ. 12.92. 2023ರ ಚುನಾವಣೆಯಲ್ಲಿ 224 ಮಂದಿಯ ವಿಧಾನಸಭೆಗೆ ಆಯ್ಕೆಯಾದ ಮುಸ್ಲಿಮರು 9. ಪಕ್ಷಗಳು ಟಿಕೆಟ್ ನಿರಾಕರಿಸುತ್ತವೆ ಎಂಬುದು ನಿಜ. ಆದರೆ ಗ್ರಾಮಸಭೆಗೆ ಹೋಗಲು ಯಾವ ಪಕ್ಷದ ಟಿಕೆಟ್ಟೂ ಬೇಕಾಗಿಲ್ಲ. ಅಲ್ಲಿ ನಮ್ಮ ಕುರ್ಚಿಗಳು ಖಾಲಿ ಇರುವುದೇಕೆ?

ಇನ್ನು ಹೆಣ್ಣುಮಕ್ಕಳ ವಿಷಯ. 2021ರ ಕೊನೆಯಲ್ಲಿ ಉಡುಪಿಯಲ್ಲಿ ಹಿಜಾಬ್ ವಿವಾದ ಭುಗಿಲೆದ್ದಾಗ ಕ್ಯಾಮೆರಾಗಳನ್ನು ಎದುರಿಸಿದ್ದು ಹದಿಹರೆಯದ ವಿದ್ಯಾರ್ಥಿನಿಯರು. 2022ರ ಮಾರ್ಚ್ 15ರಂದು ಹೈಕೋರ್ಟ್ ಅರ್ಜಿಗಳನ್ನು ವಜಾಗೊಳಿಸಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಆ ಮಕ್ಕಳ ಧೈರ್ಯವನ್ನು ವೇದಿಕೆಗಳಲ್ಲಿ ಕೊಂಡಾಡಿದ ಹಿರಿಯರು, ತಮ್ಮ ಮೊಹಲ್ಲಾದ ಸಮಾಲೋಚನೆಯಲ್ಲಿ ಹೆಣ್ಣಿಗೆ ಒಂದು ಸ್ಥಾನ ಕೊಟ್ಟಿದ್ದಾರೆಯೇ? ಹುದೈಬಿಯಾದಲ್ಲಿ ಪ್ರವಾದಿ(ಸ)ಯವರು ಉಮ್ಮು ಸಲಮಾ(ರ)ರ ಸಲಹೆಯನ್ನು ಸ್ವೀಕರಿಸಿದರು. ಇಪ್ಪತ್ತರ ಆಸುಪಾಸಿನ ಉಸಾಮಾ(ರ)ರನ್ನು ಸೇನಾನಿಯನ್ನಾಗಿ ನೇಮಿಸಿ ಹಿರಿಯ ಸಹಾಬಿಗಳನ್ನು ಅವರ ಅಧೀನದಲ್ಲಿರಿಸಿದರು. ಈ ಚರಿತ್ರೆಯನ್ನು ಮಿಂಬರ್‌ನಲ್ಲಿ ಹೇಳಿ ಕಮಿಟಿಯಲ್ಲಿ ಮರೆಯುವುದು ಯಾವ ನ್ಯಾಯ?

ಸ್ವರ್ಣೆ ಮತ್ತು ಕಡಲಿನ ನಡುವಿನ ನಮ್ಮ ಹೂಡೆಯಲ್ಲಿ ಸಾಲಿಹಾತ್‌ನಂತಹ ವಿದ್ಯಾಸಂಸ್ಥೆಯಿದೆ, ಕಲಿತ ಯುವಜನರಿದ್ದಾರೆ. ಆರಂಭ ಇಲ್ಲಿಂದಲೇ ಆಗಲಿ. ಪ್ರತಿ ಜಮಾಅತ್ ತನ್ನ ಸಮಿತಿಯ ಮೂರನೇ ಒಂದು ಭಾಗವನ್ನು ಮೂವತ್ತೈದರೊಳಗಿನವರಿಗೆ ಮೀಸಲಿಡಲಿ, ಸ್ತ್ರೀಯರ ಸಲಹಾ ಮಂಡಳಿ ರಚಿಸಲಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬರೆಯುವುದನ್ನು, ಪಂಚಾಯತ್ ಬಜೆಟ್ ಓದುವುದನ್ನು ಮದ್ರಸಾದ ಕೊಠಡಿಯಲ್ಲಿ ವಾರಕ್ಕೊಂದು ಸಂಜೆ ಕಲಿಸಲಿ.

ಈ ವಿದ್ಯೆ ನಮಗಷ್ಟೇ ಮೀಸಲಾಗಬಾರದು. ಕೊರಗರ ಮೇಲಿನ ಅಜಲು ಪದ್ಧತಿಯನ್ನು ಕಾನೂನು 2000ದಲ್ಲೇ ನಿಷೇಧಿಸಿತು. ನೆರೆಯ ಕೊರಗ ಕುಟುಂಬದ ನಿವೇಶನದ ಅರ್ಜಿ ಕಚೇರಿಯಲ್ಲಿ ಕೊಳೆಯುತ್ತಿದ್ದರೆ ಅದರ ಬೆನ್ನುಹತ್ತುವುದೂ ನಮ್ಮ ಹೊಣೆ. ನ್ಯಾಯವನ್ನು ತನಗಾಗಿ ಮಾತ್ರ ಕೇಳುವ ಸಮುದಾಯದ ಮಾತಿಗೆ ತೂಕವಿರುವುದಿಲ್ಲ.

ಮುಂದಿನ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡಿಸುವ ಪದಾಧಿಕಾರಿಗಳು ಇನ್ನೊಂದು ಲೆಕ್ಕವನ್ನೂ ಕೊಡಲಿ: ಕಳೆದ ವರ್ಷ ಎಷ್ಟು ಮನವಿ ಕೊಟ್ಟಿರಿ, ಎಷ್ಟಕ್ಕೆ ಉತ್ತರ ತಂದಿರಿ, ನಿಮ್ಮ ಸ್ಥಾನಕ್ಕೆ ಎಷ್ಟು ಯುವಕರನ್ನು ಸಿದ್ಧಗೊಳಿಸಿದಿರಿ?