ಸಾಫ್ಟ್‌ವೇರಿಗೂ ನಕ್ಷೆ ಬೇಕೆ? ಕೋಡ್ ಬರೆಯುವ ಮೊದಲು ಬಿಡಿಸುವ ಚಿತ್ರಗಳ ನಿಜ ಮತ್ತು ನಂಬಿಕೆ

ಹಬ್ಬಕ್ಕೆ ಊರಿಗೆ ಹೋಗಲು ಮೊಬೈಲಿನಲ್ಲೇ ಬಸ್ ಟಿಕೆಟ್ ಬುಕ್ ಮಾಡುವುದು ಈಗ ನಮಗೆಲ್ಲ ರೂಢಿ. ಸೀಟು ಆರಿಸುತ್ತೇವೆ, ಯುಪಿಐ ಪಿನ್ ಒತ್ತುತ್ತೇವೆ, ಟಿಕೆಟ್ ಬರುತ್ತದೆ. ಕೆಲವೊಮ್ಮೆ ಮಾತ್ರ ಖಾತೆಯಿಂದ ಹಣ ಹೋಗಿರುತ್ತದೆ, ಟಿಕೆಟ್ ಬಂದಿರುವುದಿಲ್ಲ. ಮತ್ತೆ ಪ್ರಯತ್ನಿಸಿದರೆ ಅದೇ ಸೀಟು ಭರ್ತಿಯಾಗಿದೆ ಎನ್ನುತ್ತದೆ ಆ್ಯಪ್! 'ಸರ್ವರ್ ಸರಿಯಿಲ್ಲ' ಎಂದು ಬೈದುಕೊಂಡು ಸುಮ್ಮನಾಗುತ್ತೇವೆ.

ಸರ್ವರ್, ನೆಟ್‌ವರ್ಕುಗಳ ತೊಂದರೆ ಇರುವುದು ನಿಜವೇ. ಆದರೆ ನೆಟ್‌ವರ್ಕ್ ಕೈಕೊಟ್ಟಾಗ ಆ್ಯಪ್ ಏನು ಮಾಡಬೇಕು ಎಂಬುದನ್ನು ಯಾರಾದರೂ ಮೊದಲೇ ಯೋಚಿಸಿರಬೇಕಲ್ಲವೇ? ಆ ಯೋಚನೆ ನಡೆಯಬೇಕಾದದ್ದು ಸಾಫ್ಟ್‌ವೇರ್ ವಿನ್ಯಾಸದ ಹಂತದಲ್ಲಿ. ಅದಕ್ಕೆ ನೆರವಾಗಲೆಂದೇ ಪೆಟ್ಟಿಗೆ, ಗೆರೆ, ಬಾಣಗಳ ಚಿತ್ರಗಳಿವೆ. ಅವುಗಳ ಕುರಿತು ಎರಡು ವಿರುದ್ಧ ನಂಬಿಕೆಗಳೂ ಇವೆ. 'ಎಲ್ಲ ಚಿತ್ರ ಬಿಡಿಸಿದ ಮೇಲೆಯೇ ಕೋಡ್ ಬರೆಯಬೇಕು' ಎನ್ನುವವರು ಒಂದು ಕಡೆ, 'ಅವೆಲ್ಲ ಕಾಲೇಜಿನ ಪರೀಕ್ಷೆಗಷ್ಟೇ' ಎನ್ನುವವರು ಇನ್ನೊಂದು ಕಡೆ. ಎರಡೂ ಪೂರ್ತಿ ನಿಜವಲ್ಲ. ಏಕೆ ಎಂದು ನೋಡೋಣ.

ಮೊದಲು, ಆಬ್ಜೆಕ್ಟ್ ಎಂದರೇನು?

ಹೊರಜಗತ್ತಿನ ವಸ್ತುಗಳನ್ನೇ ಪ್ರೋಗ್ರಾಮಿನೊಳಗೂ ಕಲ್ಪಿಸಿಕೊಳ್ಳುವುದು ಆಬ್ಜೆಕ್ಟ್ ಆಧಾರಿತ ವಿಧಾನ. ಬಸ್ಸು ಒಂದು ಆಬ್ಜೆಕ್ಟ್, ಟಿಕೆಟ್ ಒಂದು ಆಬ್ಜೆಕ್ಟ್, ಪ್ರಯಾಣಿಕರು ಇನ್ನೊಂದು. ಪ್ರತಿಯೊಂದಕ್ಕೂ ತನ್ನದೇ ಮಾಹಿತಿ, ತನ್ನದೇ ಕೆಲಸ. ಟಿಕೆಟ್ಟಿಗೆ ಬೆಲೆ, ದಿನಾಂಕ ಎಂಬ ಮಾಹಿತಿ ಇದ್ದರೆ, ರದ್ದಾಗುವುದು ಅದು ಮಾಡಬಲ್ಲ ಕೆಲಸ. ಇಂತಹ ಒಂದೇ ಬಗೆಯ ಆಬ್ಜೆಕ್ಟ್‌ಗಳ ಅಚ್ಚಿಗೆ 'ಕ್ಲಾಸ್' ಎಂದು ಹೆಸರು.

ಈ ವಿಚಾರ 1960ರ ದಶಕದ್ದು. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ರೂಪಿಸಿದ 'ಸಿಮುಲಾ' ಭಾಷೆಯಲ್ಲಿ ಇದರ ಬೇರುಗಳಿವೆ. ಇಂದಿನ ಜಾವಾ, ಸಿ++, ಪೈಥಾನ್ ಭಾಷೆಗಳಲ್ಲೆಲ್ಲ ಇದನ್ನು ಕಾಣಬಹುದು.

ಸೀಟು ಯಾರಿಗೆ ಸೇರಿದ್ದು?

ನಮ್ಮ ಬಸ್ ಆ್ಯಪ್‌ಗೆ ಒಂದು 'ಕ್ಲಾಸ್ ಡಯಾಗ್ರಾಂ' ಬಿಡಿಸುತ್ತೇವೆ ಎಂದುಕೊಳ್ಳಿ. ಒಂದೊಂದು ಕ್ಲಾಸಿಗೂ ಒಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಮೂರು ಖಾನೆ: ಮೇಲೆ ಹೆಸರು, ನಡುವೆ ಮಾಹಿತಿ, ಕೆಳಗೆ ಕೆಲಸಗಳು. ಪೆಟ್ಟಿಗೆಗಳ ನಡುವೆ ಸಂಬಂಧ ತೋರಿಸುವ ಗೆರೆ. ಆ ಗೆರೆಯ ತುದಿಗಳಲ್ಲಿ ಅಂಕಿ. ಒಂದು ಕಡೆ 1, ಇನ್ನೊಂದು ಕಡೆ 40 ಎಂದಿದ್ದರೆ, ಒಂದು ಬಸ್ಸಿಗೆ 40 ಸೀಟು ಎಂದರ್ಥ.

ಈಗ 'ಬುಕ್ ಆಗಿದೆ' ಎಂಬ ಮಾಹಿತಿಯನ್ನು ಯಾವ ಪೆಟ್ಟಿಗೆಯಲ್ಲಿ ಬರೆಯಬೇಕು? 'ಸೀಟು' ಪೆಟ್ಟಿಗೆಯಲ್ಲೇ ಬರೆದರೆ ಎಡವಟ್ಟು! ಇವತ್ತು 12ನೇ ಸೀಟು ಬುಕ್ ಆಯಿತೆಂದರೆ ನಾಳೆಯೂ, ನಾಡಿದ್ದೂ ಅದು ಭರ್ತಿಯೆಂದೇ ಕಾಣುತ್ತದೆ. ಏಕೆಂದರೆ ಬಸ್ಸೂ ಅದೇ, ಸೀಟೂ ಅದೇ. ನಾವು ನಿಜವಾಗಿ ಬುಕ್ ಮಾಡುವುದು ಬಸ್ಸಿನ ಸೀಟನ್ನಲ್ಲ, ಒಂದು ನಿರ್ದಿಷ್ಟ ದಿನದ ಒಂದು ಟ್ರಿಪ್ಪಿನಲ್ಲಿ ಆ ಸೀಟನ್ನು. ಹಾಗಾಗಿ 'ಟ್ರಿಪ್' ಎಂಬ ಇನ್ನೊಂದು ಪೆಟ್ಟಿಗೆ ಬೇಕು. ದಾರಿಯಲ್ಲಿ ಇಳಿಯುವವರ ಸೀಟನ್ನು ಮುಂದಿನ ಊರಿನಿಂದ ಬೇರೆಯವರಿಗೆ ಕೊಡಬಹುದೇ? ಕೊಡುವುದಾದರೆ ಎಲ್ಲಿಂದ ಎಲ್ಲಿಗೆ ಎಂಬುದಕ್ಕೂ ಜಾಗ ಬೇಕು.

ಇದು ಚಿತ್ರದ ಮುಖ್ಯ ಉಪಯೋಗ. ಕಾಗದದ ಮೇಲೆ ಒಂದು ಪೆಟ್ಟಿಗೆ ಸೇರಿಸಲು ಎರಡು ನಿಮಿಷ ಸಾಕು. ಸಾವಿರಾರು ಜನ ಟಿಕೆಟ್ ಕೊಂಡ ಮೇಲೆ ಇದೇ ಬದಲಾವಣೆ ಮಾಡಬೇಕೆಂದರೆ ಕೋಡ್ ಜೊತೆಗೆ ಹಳೆಯ ಮಾಹಿತಿಯನ್ನೆಲ್ಲ ಹೊಸ ರೂಪಕ್ಕೆ ತರಬೇಕಾಗುತ್ತದೆ.

ಹಣ ಹೋಯಿತು, ಟಿಕೆಟ್ ಎಲ್ಲಿ?

ಕ್ಲಾಸ್ ಡಯಾಗ್ರಾಂ ಯಾವುದು ಎಲ್ಲಿದೆ ಎಂದು ಹೇಳಿದರೆ, 'ಸೀಕ್ವೆನ್ಸ್ ಡಯಾಗ್ರಾಂ' ಯಾವುದರ ನಂತರ ಯಾವುದು ನಡೆಯುತ್ತದೆ ಎಂದು ಹೇಳುತ್ತದೆ. ಇದರಲ್ಲಿ ಪಾತ್ರಧಾರಿಗಳು ಸಾಲಾಗಿ ಮೇಲೆ ನಿಲ್ಲುತ್ತಾರೆ: ಪ್ರಯಾಣಿಕರು, ಆ್ಯಪ್, ಬ್ಯಾಂಕ್. ಸಮಯ ಮೇಲಿಂದ ಕೆಳಗೆ ಹರಿಯುತ್ತದೆ. ಒಬ್ಬರಿಂದೊಬ್ಬರಿಗೆ ಹೋಗುವ ಸಂದೇಶವೇ ಬಾಣ.

ಆ್ಯಪ್ ಬ್ಯಾಂಕಿಗೆ 'ಹಣ ಕೊಡಿ' ಎಂದು ಬಾಣ ಬಿಡುತ್ತದೆ. ಬ್ಯಾಂಕಿನಿಂದ 'ಆಯಿತು' ಅಥವಾ 'ಆಗಲಿಲ್ಲ' ಎಂಬ ಬಾಣ ಮರಳುತ್ತದೆ. ಇಷ್ಟೇ ಎಂದು ನಮಗೂ ಅನ್ನಿಸಬಹುದು. ಆದರೆ ಮೂರನೆಯ ಸಾಧ್ಯತೆಯೂ ಇದೆ: ಉತ್ತರವೇ ಬಾರದಿರುವುದು. ಬ್ಯಾಂಕ್ ಹಣ ಕಳೆದಿದೆ, ಆದರೆ 'ಆಯಿತು' ಎಂಬ ಸಂದೇಶ ದಾರಿಯಲ್ಲೇ ಕಳೆದುಹೋಗಿದೆ. ಇದನ್ನು 'ಆಗಲಿಲ್ಲ' ಎಂದು ಭಾವಿಸಿದ ಆ್ಯಪ್ ಸೀಟನ್ನು ಬೇರೆಯವರಿಗೆ ಕೊಟ್ಟುಬಿಡುತ್ತದೆ. ಮರಳುವ ಪ್ರತಿ ಬಾಣದ ಮುಂದೆಯೂ 'ಇದು ಬರದಿದ್ದರೆ?' ಎಂದು ಕೇಳಿಕೊಂಡರೆ ಈ ಕೊರತೆ ಮೊದಲೇ ಕಣ್ಣಿಗೆ ಬೀಳುತ್ತದೆ.

ಇದಕ್ಕೆ ಜೋಡಿಯಾಗಿ 'ಸ್ಟೇಟ್ ಡಯಾಗ್ರಾಂ' ಇದೆ. ಸೀಟಿನ ಸ್ಥಿತಿ 'ಖಾಲಿ', 'ಬುಕ್' ಎಂದು ಎರಡೇ ಅಲ್ಲ. ನಡುವೆ 'ತಾತ್ಕಾಲಿಕವಾಗಿ ಹಿಡಿದಿಟ್ಟಿದೆ' ಎಂಬುದೂ ಬೇಕು. ಅಲ್ಲಿಂದ ಎಷ್ಟು ನಿಮಿಷದ ನಂತರ ಮತ್ತೆ 'ಖಾಲಿ'ಗೆ ಮರಳಬೇಕು? ಬಾಣ ಬಿಡಿಸಲು ಹೊರಟರೆ ಈ ಪ್ರಶ್ನೆಗೆ ಉತ್ತರಿಸಲೇಬೇಕು.

ಹಣದ ವಿಷಯದಲ್ಲಿ ಇಂತಹ ಗಡುವನ್ನು ನಿಯಮವೇ ಹೇಳುತ್ತದೆ. ಭಾರತೀಯ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ವ್ಯಾಪಾರಿಗೆ ಹಣ ಕಟ್ಟುವಾಗ ಖಾತೆಯಿಂದ ಹಣ ಹೋಗಿಯೂ ವ್ಯಾಪಾರಿಗೆ ಖಾತರಿ ತಲುಪದಿದ್ದರೆ, ವಹಿವಾಟಿನ ದಿನದ ನಂತರದ 5 ದಿನಗಳೊಳಗೆ ಹಣ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆದ್ದರಿಂದ ಹಣ ಹೋಗಿ ಟಿಕೆಟ್ ಬರದಿದ್ದರೆ ಗಾಬರಿಯಲ್ಲಿ ಮತ್ತೆ ಕಟ್ಟುವ ಮುನ್ನ, ಮೊದಲ ವಹಿವಾಟಿನ ಸ್ಥಿತಿ ಏನಾಗಿದೆ ಎಂದು ನೋಡಿಕೊಳ್ಳಿ.

ಈ ಗುರುತುಗಳನ್ನು ಮಾಡಿದ್ದು ಯಾರು?

1990ರ ದಶಕದ ಆರಂಭದಲ್ಲಿ ಒಬ್ಬೊಬ್ಬ ತಜ್ಞರದು ಒಂದೊಂದು ಬಗೆಯ ಗುರುತು. ಒಬ್ಬರ ಚಿತ್ರ ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಗ್ರೇಡಿ ಬೂಚ್, ಜೇಮ್ಸ್ ರಂಬಾ ಮತ್ತು ಈವಾರ್ ಜೇಕಬ್‌ಸನ್ ತಮ್ಮ ಮೂರು ವಿಧಾನಗಳನ್ನು ಒಂದುಗೂಡಿಸಲು ಮುಂದಾದರು. ಹಾಗೆ ಹುಟ್ಟಿದ 'ಯೂನಿಫೈಡ್ ಮಾಡೆಲಿಂಗ್ ಲ್ಯಾಂಗ್ವೇಜ್', ಅಂದರೆ ಯುಎಂಎಲ್ ಅನ್ನು ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಸಂಸ್ಥೆ 1997ರಲ್ಲಿ ಮಾನಕವಾಗಿ ಒಪ್ಪಿಕೊಂಡಿತು. ಇಂದು ಅದರಲ್ಲಿ 14 ಬಗೆಯ ಚಿತ್ರಗಳಿವೆ.

ನಂಬಿಕೆ 1: ಎಲ್ಲ ಚಿತ್ರಗಳನ್ನೂ ಬಿಡಿಸಲೇಬೇಕು

ಬೇಕಿಲ್ಲ. ಮನೆಯ ನಕ್ಷೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಕಟ್ಟಿದ ಗೋಡೆಯನ್ನು ಸರಿಸುವುದು ಕಷ್ಟ, ಕೋಡನ್ನು ವಾರವಾರವೂ ಬದಲಿಸುತ್ತಾರೆ. ಎಲ್ಲವನ್ನೂ ಚಿತ್ರದಲ್ಲೇ ಮುಗಿಸಲು ಹೊರಟರೆ, ಮುಗಿಯುವಷ್ಟರಲ್ಲಿ ಬಳಕೆದಾರರ ಅಗತ್ಯವೇ ಬದಲಾಗಿರುತ್ತದೆ. 2001ರಲ್ಲಿ 17 ಮಂದಿ ತಂತ್ರಜ್ಞರು ಹೊರಡಿಸಿದ 'ಅಜೈಲ್' ಪ್ರಣಾಳಿಕೆ ದಪ್ಪ ದಾಖಲೆಗಳಿಗಿಂತ ಕೆಲಸ ಮಾಡುವ ಸಾಫ್ಟ್‌ವೇರಿಗೆ ಹೆಚ್ಚು ಬೆಲೆ ಕೊಟ್ಟದ್ದು ಇದೇ ಕಾರಣಕ್ಕೆ.

ನಂಬಿಕೆ 2: ಇದನ್ನು ಯಾರೂ ಬಳಸುವುದಿಲ್ಲ

ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಮರಿಯನ್ ಪೀಟರ್ 50 ಮಂದಿ ವೃತ್ತಿಪರರನ್ನು ಮಾತನಾಡಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 35 ಮಂದಿ ಯುಎಂಎಲ್ ಬಳಸುತ್ತಿರಲಿಲ್ಲ. 11 ಮಂದಿ ಬೇಕಾದಷ್ಟನ್ನೇ ಆರಿಸಿ ಬಳಸುತ್ತಿದ್ದರು. ಪೂರ್ತಿಯಾಗಿ ಅಪ್ಪಿಕೊಂಡವರು ಒಬ್ಬರೂ ಇರಲಿಲ್ಲ. ಹಾಗೆಂದು ಚಿತ್ರವೇ ಬೇಡ ಎಂದರ್ಥವಲ್ಲ. ನಿಯಮಬದ್ಧ ಗುರುತುಗಳ ಗೊಡವೆಯಿಲ್ಲದೆ ಬೋರ್ಡಿನ ಮೇಲೆ ನಾಲ್ಕು ಪೆಟ್ಟಿಗೆ ಗೀಚಿ ಮಾತನಾಡುವುದೂ ವಿನ್ಯಾಸವೇ. ಪ್ಲಾಂಟ್‌ಯುಎಂಎಲ್, ಮರ್ಮೇಯ್ಡ್‌ನಂತಹ ಸಾಧನಗಳಲ್ಲಿ ಪಠ್ಯ ಟೈಪ್ ಮಾಡಿದರೆ ಚಿತ್ರ ತಾನಾಗಿ ಮೂಡುತ್ತದೆ. ಕೋಡಿನ ಜೊತೆಯಲ್ಲೇ ಇಟ್ಟುಕೊಂಡು ತಿದ್ದಲು ಇದು ಸುಲಭ.

ನಂಬಿಕೆ 3: ನಕ್ಷೆ ಸರಿಯಿದ್ದರೆ ಸಾಫ್ಟ್‌ವೇರ್ ಸರಿ

ಇದು ಹೆಚ್ಚು ಅಪಾಯದ ನಂಬಿಕೆ. ನಾಸಾದ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳನ ಬಳಿ ನಾಶವಾಯಿತು. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ಲೆಕ್ಕವನ್ನು ಪೌಂಡ್ ಆಧಾರಿತ ಮಾನದಲ್ಲಿ ಕೊಡುತ್ತಿತ್ತು, ಪಡೆಯುವ ಸಾಫ್ಟ್‌ವೇರ್ ಅದನ್ನು ಮೆಟ್ರಿಕ್ ಮಾನವಾದ ನ್ಯೂಟನ್ ಎಂದೇ ಓದುತ್ತಿತ್ತು. ವಿಶೇಷವೆಂದರೆ, ಮೆಟ್ರಿಕ್ ಮಾನವನ್ನೇ ಬಳಸಬೇಕೆಂದು ದಾಖಲೆಯಲ್ಲಿ ಸ್ಪಷ್ಟವಾಗಿತ್ತು. ದಾಖಲೆ ಹೇಳಿದ್ದು ಒಂದು, ಕೋಡ್ ಮಾಡಿದ್ದು ಇನ್ನೊಂದು. ಎರಡನ್ನೂ ತಾಳೆ ನೋಡುವ ಪರೀಕ್ಷೆ ಸಾಲದಾಯಿತು.

ಚಿತ್ರದ ಬೆಲೆ ಅದು ಎಷ್ಟು ಅಂದವಾಗಿದೆ ಎಂಬುದರಲ್ಲಿಲ್ಲ. ಅದು ಎಬ್ಬಿಸುವ ಪ್ರಶ್ನೆಗಳಲ್ಲಿದೆ, ಮತ್ತು ಇವತ್ತಿನ ಕೋಡಿಗೆ ಅದು ಹೊಂದುತ್ತದೆಯೇ ಎಂಬುದರಲ್ಲಿದೆ. ಎರಡು ವರ್ಷದ ಹಿಂದಿನ, ಯಾರೂ ತಿದ್ದದ ನಕ್ಷೆ ಇಲ್ಲದ ದಾರಿಯನ್ನು ತೋರಿಸಬಹುದು. ಹಾಗಾಗಿ ಕಾಲೇಜಿನ ಪ್ರಾಜೆಕ್ಟ್ ಮಾಡುತ್ತಿರುವವರಾಗಲಿ, ನಿಮ್ಮ ಅಂಗಡಿಗೊಂದು ಆ್ಯಪ್ ಮಾಡಿಸುತ್ತಿರುವವರಾಗಲಿ, ಚಿತ್ರ ಕಂಡಾಗ ಮೂರು ಪ್ರಶ್ನೆ ಕೇಳಿ: ಇದನ್ನು ಬಿಡಿಸಿದ್ದು ಯಾವಾಗ? ಇದರಲ್ಲಿ ಏನನ್ನು ಬಿಟ್ಟಿದ್ದಾರೆ? ಇದು ನಿಜಕ್ಕೆ ಹೊಂದುತ್ತದೆಯೇ ಎಂದು ಯಾರಾದರೂ ತಾಳೆ ನೋಡಿದ್ದಾರೆಯೇ? ಮೊಬೈಲಿಗೆ ಬರುವ ಅಚ್ಚುಕಟ್ಟಾದ ಗ್ರಾಫು, ಚಾರ್ಟುಗಳನ್ನು ಫಾರ್ವರ್ಡ್ ಮಾಡುವ ಮೊದಲೂ ಈ ಮೂರು ಪ್ರಶ್ನೆ ಕೇಳಿಕೊಳ್ಳಬಹುದು.